ಮಗನ ಹೆಸರಲ್ಲಿ ಮಾವನ ಬೈಕು: ಒಂದು ಸಿಬಿಲ್ ಕಥೆ

ಮಾಲೂರಿಗೋ ನರಸಾಪುರಕ್ಕೋ ಹೋಗೋ ಕಂಪನಿ ಬಸ್ಸಲ್ಲಿ ಕೂತು, ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿರೋ ಮಕ್ಕಳಿಗೆ ವಿಶೇಷವಾಗಿ ಈ ಮಾತು. ಯಾಕಂದ್ರೆ ನನ್ನ ಮಗನೂ ಹಾಗೇ ಹೋಗ್ತಾನೆ. ಇವತ್ತು ಹೇಳೋದು ಅವನ ಕಥೆ. ನಿಜ ಹೇಳ್ಬೇಕು ಅಂದ್ರೆ, ನನ್ನ ತಪ್ಪಿನ ಕಥೆ.

ನಾನು ಶ್ರೀನಿವಾಸಪುರ ತಾಲ್ಲೂಕಿನವಳು. ಸ್ವಲ್ಪ ಮಾವಿನ ತೋಟ ಇದೆ, ಎರಡು ಹಸು ಇದೆ, ಡೇರಿಗೆ ಹಾಲು ಹಾಕ್ತೀನಿ. ಹದಿನಾಲ್ಕು ವರ್ಷದಿಂದ ನಮ್ಮೂರ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೀತಿದೀನಿ. ಯಾರು ಕಂತು ಸರಿಯಾಗಿ ಕಟ್ತಾರೆ, ಯಾರು ವಾರ ತಪ್ಪಿಸ್ತಾರೆ, ಎಲ್ಲ ನನ್ನ ಪುಸ್ತಕದಲ್ಲಿದೆ. ಸರಿಯಾಗಿ ಕಟ್ಟಿದವರಿಗೆ ಮುಂದಿನ ಸಲ ಜಾಸ್ತಿ ಸಾಲ. ತಪ್ಪಿಸಿದವರಿಗೆ ‘ಆಮೇಲೆ ನೋಡೋಣ’. ಇಂಥದ್ದೇ ಒಂದು ಪುಸ್ತಕ ನನ್ನ ಮಗನ ಹೆಸರಲ್ಲೂ ಶುರುವಾಗಿದೆ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ.

2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ನಮ್ಮಣ್ಣ ಮುಳಬಾಗಿಲು ಕಡೆ ಟೊಮ್ಯಾಟೊ ಬೆಳೀತಾನೆ. ಅವನಿಗೆ ಬೈಕ್ ಬೇಕಾಯ್ತು. ಹಳೇ ಸಾಲ ಬಾಕಿ ಇದ್ದಿದ್ದರಿಂದ ಅವನ ಹೆಸರಲ್ಲಿ ಯಾರೂ ಕೊಡಲಿಲ್ಲ. ನನ್ನ ಮಗನಿಗೆ ಆಗ 19 ವರ್ಷ, ಹೊಸದಾಗಿ ಕೆಲಸಕ್ಕೆ ಸೇರಿದ್ದ, ಕೈಯಲ್ಲಿ ಸ್ಯಾಲರಿ ಸ್ಲಿಪ್ ಇತ್ತು. ಅಣ್ಣ ಕೇಳಿದ. ನಾನು ಮಗನಿಗೆ, ‘ಸೋದರಮಾವ ಅಲ್ವೇನೋ, ಒಂದು ಸೈನ್ ಹಾಕು, ಕಂತು ಅವನೇ ಕಟ್ತಾನೆ’ ಅಂದೆ. ಅವನು ಹಾಕಿದ.

ಸೆಪ್ಟೆಂಬರ್ ಹೊತ್ತಿಗೆ ಟೊಮ್ಯಾಟೊ ರೇಟು ನೆಲಕ್ಕೆ ಬಿತ್ತು. ಅಣ್ಣ ಮೂರು ಕಂತು ಕಟ್ಟಲಿಲ್ಲ. ಕಂತು 3,400 ರೂಪಾಯಿ. ವಸೂಲಿಯವರ ಫೋನು ಬಂದಿದ್ದು ಅಣ್ಣನಿಗಲ್ಲ, ಶಿಫ್ಟಲ್ಲಿದ್ದ ನನ್ನ ಮಗನಿಗೆ. ಅವನು ನನಗೆ ಹೇಳಲೇ ಇಲ್ಲ. ಮಾವನಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದ. ನಮಗೆ ಗೊತ್ತಾದ ಮೇಲೆ ದಂಡ ಸೇರಿಸಿ ಕಟ್ಟಿದ್ವಿ. ಮುಗೀತು ಅಂದ್ಕೊಂಡೆ.

ಮುಗಿದಿರಲಿಲ್ಲ. ಮುಂದಿನ ವರ್ಷ ಮಗ ಒಂದು ಚಿಕ್ಕ ಗೂಡ್ಸ್ ಗಾಡಿ ತಗೋಬೇಕು, ಮಾವಿನ ಸೀಸನ್ನಲ್ಲಿ ಬಾಡಿಗೆಗೆ ಓಡಿಸ್ಬೇಕು ಅಂತ ಬ್ಯಾಂಕಿಗೆ ಹೋದ. ನಾನೂ ಜೊತೆಗಿದ್ದೆ. ಮ್ಯಾನೇಜರ್ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, ಒಂದು ಸಾಲಲ್ಲಿದ್ದ ಅಂಕಿಗಳನ್ನ ತೋರಿಸಿದ್ರು. ‘ಕಂತು ಎಷ್ಟು ದಿನ ತಡ ಆಗಿದೆ ಅಂತ ಇದು ಹೇಳುತ್ತೆ ಅಮ್ಮ. 36 ತಿಂಗಳ ಲೆಕ್ಕ ಇಲ್ಲಿ ಕಾಣ್ತಾ ಇರುತ್ತೆ’ ಅಂದ್ರು. ಸಾಲ ಆಗಲಿಲ್ಲ. ಬಸ್‌ಸ್ಟ್ಯಾಂಡ್ ತನಕ ನಡೆದು ಬಂದ್ವಿ. ಮಗ ಬೈಯಲಿಲ್ಲ. ‘ನೀನು ಹೇಳ್ದೆ ಅಂತ ಸೈನ್ ಹಾಕ್ದೆ ಅಮ್ಮ’ ಅಂತ ಅಷ್ಟೇ ಹೇಳಿದ. ಬೈದಿದ್ರೇ ವಾಸಿ ಇತ್ತು.

ಅಣ್ಣ ಆಮೇಲೆ ಪೂರ್ತಿ ದುಡ್ಡು ವಾಪಸ್ ಕೊಟ್ಟ. ಆದ್ರೆ ಆ ಮೂರು ತಿಂಗಳನ್ನ ಯಾರೂ ವಾಪಸ್ ಕೊಡೋಕೆ ಆಗಲ್ಲ.

ಆಮೇಲೆ ನಾನು ಕೂತು ಕಲಿತೆ. ನಮ್ಮಲ್ಲಿ ಎಲ್ಲರೂ ‘ಸಿಬಿಲ್’ ಅಂತೀವಿ. ಆದ್ರೆ ಇಂಥ ಲೆಕ್ಕ ಇಡೋ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಸ್ಕೋರು 300ರಿಂದ 900ರವರೆಗೆ. 750 ದಾಟಿದ್ರೆ ಒಳ್ಳೇದು ಅಂತ ಸಾಮಾನ್ಯವಾಗಿ ಲೆಕ್ಕ. ನಾಲ್ಕೂ ಕಂಪನಿ ವರ್ಷಕ್ಕೊಂದು ಸಲ ಪೂರ್ತಿ ವರದಿಯನ್ನ ಪುಕ್ಕಟೆ ಕೊಡಬೇಕು, ಅದು ರಿಸರ್ವ್ ಬ್ಯಾಂಕ್ ನಿಯಮ. ನಮ್ಮದನ್ನ ನಾವೇ ನೋಡಿದ್ರೆ ಸ್ಕೋರ್ ಕಮ್ಮಿ ಆಗಲ್ಲ. ಒಂದೇ ವಾರದಲ್ಲಿ ಐದಾರು ಆ್ಯಪಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ರೆ ಮಾತ್ರ ಪೆಟ್ಟು ಬೀಳುತ್ತೆ.

ವರದಿಯಲ್ಲಿ ನಿಮ್ಮದಲ್ಲದ ಸಾಲ ಕಂಡ್ರೆ, ಕಟ್ಟಿ ಮುಗಿಸಿದ್ದು ಇನ್ನೂ ಬಾಕಿ ಅಂತಿದ್ರೆ, ಅಲ್ಲೇ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ. ಆದ್ರೆ ನಮ್ಮದು ತಪ್ಪು ಲೆಕ್ಕ ಅಲ್ಲ, ನಿಜವಾದ ಬಾಕಿ. ‘ದುಡ್ಡು ಕೊಡಿ, ಸ್ಕೋರ್ ಅಳಿಸಿ ಕೊಡ್ತೀವಿ’ ಅನ್ನೋರು ಸಿಕ್ಕಿದ್ರು. ನಿಜವಾದ ಬಾಕಿಯನ್ನ ಯಾರೂ ಅಳಿಸೋಕೆ ಆಗಲ್ಲ, ನಂಬಬೇಡಿ. ಇರೋ ದಾರಿ ಒಂದೇ: ಮುಂದಿನ ತಿಂಗಳುಗಳನ್ನ ಸರಿಯಾಗಿ ಬರೀಬೇಕು.

ಹೇಗೆ ಬರೆದ್ವಿ? ಉಳಿದ ಬೈಕ್ ಕಂತನ್ನ ಮಗನ ಖಾತೆಯಿಂದಲೇ ಆಟೋ ಡೆಬಿಟ್ ಮಾಡಿಸಿದ್ವಿ. ಅಣ್ಣ ಮೊದಲೇ ದುಡ್ಡು ಹಾಕ್ಬೇಕು, ಹಾಕದಿದ್ರೂ ಕಂತು ತಪ್ಪಬಾರದು. ಮುಗಿದ ಮೇಲೆ ಎನ್‌ಒಸಿ ತಗೊಂಡ್ವಿ. ‘ಸೆಟಲ್‌ಮೆಂಟ್ ಮಾಡ್ಕೊಳ್ಳಿ, ಕಮ್ಮಿ ಕಟ್ಟಿ’ ಅಂದಾಗ ಒಪ್ಪಲಿಲ್ಲ. ವರದಿಯಲ್ಲಿ ‘ಕ್ಲೋಸ್ಡ್’ ಅಂತ ಬರೋದು ಬೇರೆ, ‘ಸೆಟಲ್ಡ್’ ಅಂತ ಬರೋದು ಬೇರೆ. ಎರಡನೇದು ಪೂರ್ತಿ ಕಟ್ಟಿಲ್ಲ ಅನ್ನೋ ಗುರುತು.

ಜೊತೆಗೆ, ನನ್ನ ಹಾಲಿನ ದುಡ್ಡಲ್ಲಿ ಅವನ ಹೆಸರಿಗೆ 20,000 ರೂಪಾಯಿ ಎಫ್‌ಡಿ ಇಟ್ಟೆ. ಅದರ ಮೇಲೆ ಬ್ಯಾಂಕು 16,000 ಮಿತಿಯ ಕ್ರೆಡಿಟ್ ಕಾರ್ಡ್ ಕೊಟ್ತು. ಇಂಥ ಕಾರ್ಡಿಗೆ ಹಳೇ ಸ್ಕೋರು ದೊಡ್ಡ ಅಡ್ಡಿ ಆಗಲ್ಲ, ಯಾಕಂದ್ರೆ ಅಡವಿಗೆ ನಮ್ಮ ಎಫ್‌ಡಿನೇ ಇರುತ್ತೆ. ಪೆಟ್ರೋಲು, ಫೋನ್ ರೀಚಾರ್ಜು, ಅಷ್ಟಕ್ಕೇ ಬಳಸ್ತಾನೆ. ಮಿತಿಯ ಮೂರನೇ ಒಂದು ಭಾಗದೊಳಗೆ ಇರ್ಬೇಕು ಅಂತ ರೂಲ್ಸ್ ಮಾಡಿದ್ವಿ. ತಿಂಗಳಿಗೆ ನಾಲ್ಕು ಸಾವಿರ ದಾಟಲ್ಲ.

ಬಿಲ್ ಪೂರ್ತಿ ಕಟ್ಬೇಕು, ಇದನ್ನ ಮರೀಬೇಡಿ. ಬಿಲ್ಲಲ್ಲಿ ‘ಮಿನಿಮಮ್ ಡ್ಯೂ’ ಅಂತ ಸಣ್ಣ ಮೊತ್ತ ಇರುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಅಷ್ಟೇ ಕಟ್ಟಿದ್ರೆ ಉಳಿದಿದ್ದಕ್ಕೆ ಬಹಳಷ್ಟು ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ. ಊರಲ್ಲಿ ಯಾರಾದ್ರೂ ಇಷ್ಟು ಬಡ್ಡಿ ಕೇಳಿದ್ರೆ ಬೈತೀವಿ. ಮೊಬೈಲಲ್ಲಿ ಬಂದ್ರೆ ಓಕೆ ಒತ್ತುತ್ತೀವಿ.

ಈಗ ಮಗಳ ವಿಷಯ. ಅವಳಿಗೆ 18 ತುಂಬಿ ನರ್ಸಿಂಗ್ ಸೇರಿದಳು. ಶಿಕ್ಷಣ ಸಾಲ ತಗೊಂಡ್ವಿ. ಸಾಲ ಅವಳ ಹೆಸರಲ್ಲಿ, ನಾನು ಜೊತೆ ಸಾಲಗಾರ್ತಿ. ಅಂದ್ರೆ ಇಬ್ಬರ ವರದಿಯಲ್ಲೂ ಇದು ಬರುತ್ತೆ. ನಾನು ತಪ್ಪಿಸಿದ್ರೆ ಅವಳಿಗೆ, ಅವಳು ತಪ್ಪಿಸಿದ್ರೆ ನನಗೆ. ಅಸಲಿನ ಕಂತು ಕೋರ್ಸ್ ಮುಗಿದ ಮೇಲೆ ಶುರುವಾಗುತ್ತೆ. ಆದ್ರೂ ಬಡ್ಡಿಯನ್ನ ತಿಂಗಳು ತಿಂಗಳು ಹಾಲಿನ ದುಡ್ಡಲ್ಲಿ ಕಟ್ಟಿಬಿಡ್ತೀನಿ, ಬೆಳೆಯೋಕೆ ಬಿಡಲ್ಲ. ಅವಳ ಹೆಸರಲ್ಲಿ ಹಿಂದೆ ಒಂದು ರೂಪಾಯಿ ಸಾಲ ಇರಲಿಲ್ಲ, ಸ್ಕೋರೇ ಇರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಮೊದಲ ಸಲ ಸಾಲ ಕೇಳೋರನ್ನ ಹಿಂದಿನ ಲೆಕ್ಕ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಳ್ಳಬಾರದು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. 2025ರಲ್ಲಿ ಹಣಕಾಸು ಸಚಿವಾಲಯ ಇದನ್ನ ಸಂಸತ್ತಿನಲ್ಲೂ ಸ್ಪಷ್ಟ ಮಾಡಿದೆ. ಖಾಲಿ ಪುಸ್ತಕ ಕೆಟ್ಟ ಪುಸ್ತಕಕ್ಕಿಂತ ಎಷ್ಟೋ ವಾಸಿ.

ಮಕ್ಕಳೇ, ನಿಮ್ಮ ಹತ್ರನೂ ಯಾರಾದ್ರೂ ಬರ್ತಾರೆ. ಮಾವ, ರೂಮ್‌ಮೇಟು, ಶಿಫ್ಟ್ ಗೆಳೆಯ. ‘ನಿನ್ನ ಆಧಾರ್, ಪ್ಯಾನ್ ಕೊಡು, ಫೋನ್ ಇಎಂಐಗೆ, ಕಂತು ನಾನೇ ಕಟ್ತೀನಿ’ ಅಂತಾರೆ. ಜಾಮೀನು ಹಾಕು ಅಂತಾರೆ. ಸಹಾಯ ಮಾಡ್ಬೇಕು ಅನಿಸಿದ್ರೆ ಕೈಲಾದಷ್ಟು ದುಡ್ಡು ಕೊಡಿ, ಹೆಸರು ಕೊಡಬೇಡಿ. ಕೊಟ್ಟ ದುಡ್ಡು ಹೋದ್ರೆ ಅಷ್ಟೇ ಹೋಗುತ್ತೆ. ಕಂತು ತಪ್ಪಿದ್ರೆ ಫೋನ್ ನಿಮಗೇ ಬರುತ್ತೆ, ಆಗ ಮುಚ್ಚಿಡಬೇಡಿ, ಅವತ್ತೇ ಮನೇಲಿ ಹೇಳಿ. ಮೂವತ್ತು ದಿನದೊಳಗೆ ಗೊತ್ತಾಗಿದ್ರೆ ನನ್ನ ಮಗನ ಕಥೆನೇ ಬೇರೆ ಆಗ್ತಿತ್ತು.

ಅಪ್ಪ-ಅಮ್ಮ ಕೇಳಿದ್ರೂ ಅಷ್ಟೇ. ‘ಒಂದು ಸಲ ಯೋಚನೆ ಮಾಡ್ತೀನಿ’ ಅನ್ನಿ. ಅದು ಅಗೌರವ ಅಲ್ಲ. ಒಬ್ಬ ತಾಯಿಯಾಗಿ ಈ ಮಾತು ಹೇಳ್ತಿದೀನಿ.

ಮಗ ಈಗ ಪ್ರತಿ ತಿಂಗಳು 5ನೇ ತಾರೀಕು ಕಾರ್ಡ್ ಬಿಲ್ ಕಟ್ಟಿ, ಸ್ಕ್ರೀನ್‌ಶಾಟ್ ನನಗೆ ಕಳಿಸ್ತಾನೆ. ನಾನು ಅದನ್ನ ಸಂಘದ ಪುಸ್ತಕದ ಕೊನೇ ಪುಟದಲ್ಲಿ ಬರೆದಿಡ್ತೀನಿ. ಗೂಡ್ಸ್ ಗಾಡಿ ಇನ್ನೂ ಬಂದಿಲ್ಲ. ಬರುತ್ತೆ.

ಇವತ್ತು ರಾತ್ರಿ ಊಟ ಆದ್ಮೇಲೆ ನಿಮ್ಮ ವರದಿ ಒಂದ್ಸಲ ತೆಗೆದು ನೋಡಿ. ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿ.