ಸೀನಿದರೆ ಶಕುನವೆ?



‘ಶಕುನ’ ಎಂಬುದು ಸಂಸ್ಕೃತದ ಮಾತು. ಅದಕ್ಕೆ ಹಕ್ಕಿ ಎಂದರ್ಥ. ಹಕ್ಕಿಯ ಕೂಗನ್ನೂ ಹಾರಾಟವನ್ನೂ ಕಂಡು ಮುಂದಿನದನ್ನು ಊಹಿಸುತ್ತಿದ್ದುದರಿಂದ ಮುನ್ಸೂಚನೆ ಎಂಬ ಅರ್ಥವೂ ಆ ಮಾತಿಗೆ ಕೂಡಿಕೊಂಡಿತು. ರೋಮಿನವರೂ ಹೀಗೆಯೇ ಮಾಡಿದರು. ಶುಭಕರವೆಂಬ ಅರ್ಥದ ‘ಆಸ್ಪಿಶಸ್’ ಎಂಬ ಇಂಗ್ಲಿಷ್ ಮಾತು, ಹಕ್ಕಿಯನ್ನು ನೋಡುವುದು ಎಂಬ ಲ್ಯಾಟಿನ್ ಮಾತಿನಿಂದ ಹುಟ್ಟಿದೆ. ನಮ್ಮ ಬುಡುಬುಡಿಕೆಯವನು ಬಾಗಿಲಲ್ಲಿ ನಿಂತು ಹಾಲಕ್ಕಿ ನುಡಿಯಿತೆನ್ನುವುದೂ ಅದೇ ಬಳ್ಳಿಯ ಕಾಯಿ.

ಹಕ್ಕಿಯ ಮಾತಿನಲ್ಲಿ ಕಾಣುವ ಈ ಹೋಲಿಕೆ ಉಳಿದವುಗಳಲ್ಲಿ ಕಾಣದು. ಹೊರಟಾಗ ಒಂಟಿ ಸೀನು ಕೇಳಿಸಿದರೆ ನಮ್ಮಲ್ಲಿ ಕುಳಿತು, ನೀರು ಕುಡಿದು ಹೊರಡುವವರುಂಟು. ಗ್ರೀಕರ ‘ಒಡಿಸ್ಸಿ’ಯಲ್ಲಾದರೋ ಮಗ ಸೀನಿದ್ದನ್ನು ಕೇಳಿ ತಾಯಿ ಪೆನೆಲೊಪೆ ನಗುತ್ತಾಳೆ, ತನ್ನ ಮಾತು ಫಲಿಸುವುದೆಂಬ ಶುಭಸೂಚನೆ ಅವಳಿಗೆ ಅದು. ಶುಕ್ರವಾರ ಉಗುರು ತೆಗೆಯಕೂಡದೆಂದು ಒಂದು ಮನೆಯ ಅಜ್ಜಿ ಮೊಮ್ಮಗನನ್ನು ಗದರುವಾಗ, ಅದೇ ಬೀದಿಯ ಮುಸಲ್ಮಾನರ ಮನೆಯಲ್ಲಿ ಜುಮ್ಮಾ ನಮಾಜಿಗೆ ಮುಂಚೆ ಉಗುರು ತೆಗೆದು ಮೀಯುವುದು ಪುಣ್ಯದ ಕೆಲಸ. ಹೊಸ ಸೊಸೆ ಮೈಸೂರು ಸೀಮೆಯಲ್ಲಿ ಆಷಾಢಕ್ಕೆ ತವರಿಗೆ ಹೋದರೆ ತುಳುನಾಡಿನಲ್ಲಿ ಆಟಿ ತಿಂಗಳಿಗೆ ಹೋಗುತ್ತಾಳೆ. ಒಂದು ಚಾಂದ್ರಮಾನ, ಇನ್ನೊಂದು ಸೌರಮಾನ. ಘಟ್ಟದ ಮೇಲೆ ಶ್ರಾವಣದ ಮದುವೆಯ ವಾಲಗ ಊದುತ್ತಿರುವಾಗಲೂ ಘಟ್ಟದ ಕೆಳಗೆ ಆಟಿ ಮುಗಿಯದ ವರ್ಷಗಳುಂಟು. ಕೇಡು ಕಾಲದಲ್ಲಿಯೇ ಇದ್ದಿದ್ದರೆ ಘಟ್ಟವಿಳಿದ ಮಾತ್ರಕ್ಕೆ ಅದು ದಿನ ಬದಲಿಸುತ್ತಿತ್ತೆ?

ಹಾಗೆಂದು ಎಲ್ಲವನ್ನೂ ಕಿತ್ತೆಸೆಯಬೇಕೆ? ಬೌದ್ಧರ ವಿನಯಪಿಟಕದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಬುದ್ಧನು ಸೀನಿದನಂತೆ. ಭಿಕ್ಷುಗಳೆಲ್ಲ ಗಟ್ಟಿಯಾಗಿ ‘ಬಾಳಿರಿ’ ಎಂದು ಹರಸಿದರು. ಹಾಗೆ ಹೇಳಿದ್ದರಿಂದ ಯಾರಾದರೂ ಬದುಕುವುದೋ ಸಾಯುವುದೋ ಉಂಟೆ ಎಂದು ಅವನು ಕೇಳಿದ. ಇಲ್ಲವೆಂದರು. ಹಾಗಾದರೆ ಹೇಳಬೇಡಿರೆಂದ. ಬಳಿಕ ಗೃಹಸ್ಥರು ಹರಸಿದಾಗ ಭಿಕ್ಷುಗಳು ಸುಮ್ಮನಿದ್ದುದರಿಂದ ಅವರಿಗೆ ಬೇಸರವಾಯಿತು. ಗೃಹಸ್ಥರು ಮಂಗಳವನ್ನು ಬಯಸುವವರು, ಅವರಿಗೆ ‘ಚಿರಕಾಲ ಬಾಳಿರಿ’ ಎಂದು ಮರುಹರಕೆ ಹೇಳಬಹುದೆಂದು ಬುದ್ಧನು ಅಪ್ಪಣೆ ಕೊಟ್ಟ. ನಂಬಿಕೆಯನ್ನು ಬಿಟ್ಟನು, ಸೌಜನ್ಯವನ್ನು ಬಿಡಲಿಲ್ಲ.

ಇದರಿಂದ ನಮಗೊಂದು ಒರೆಗಲ್ಲು ದೊರೆಯುತ್ತದೆ. ಆಚರಣೆಯ ಬೆಲೆಯನ್ನು ತೆರುವವರು ಯಾರು? ನಾನು ನೀರು ಕುಡಿದು ಹೊರಟರೆ ಹೋಗುವುದು ನನ್ನ ಎರಡು ನಿಮಿಷ. ಆದರೆ ಗಂಡನನ್ನು ಕಳೆದುಕೊಂಡ ತಾಯಿ ಮಗಳ ಮದುವೆಯ ಆರತಿಗೆ ಕಂಬದ ಮರೆಯಲ್ಲಿ ನಿಲ್ಲಬೇಕಾದರೆ, ನಮ್ಮ ಭಯಕ್ಕೆ ದಂಡ ತೆರುವವಳು ಅವಳು. 2023ರ ಮಳೆಗಾಲದಲ್ಲಿ ತುಮಕೂರು ಜಿಲ್ಲೆಯ ಒಂದು ಗೊಲ್ಲರಹಟ್ಟಿಯಲ್ಲಿ, ಸೂತಕವೆಂದು ಊರಾಚೆಯ ಗುಡಿಸಿಲಿನಲ್ಲಿ ಬಾಣಂತಿಯೊಡನೆ ಇರಿಸಿದ್ದ ಹಸುಗೂಸು ತೀರಿಕೊಂಡಿತು. ಅಲ್ಲಿ ದಂಡ ತೆತ್ತದ್ದು ಹೆಸರಿಡದ ಕೂಸು.

ಹೀಗೆ ಹೆಂಗಸರನ್ನು ಬಲವಂತವಾಗಿ ಹೊರಗಿಡುವುದನ್ನು ನಮ್ಮ ರಾಜ್ಯದ 2017ರ ಕಾಯಿದೆ ಅಪರಾಧವೆಂದು ಸಾರಿದೆ. 2020ರಲ್ಲಿ ಅದು ಜಾರಿಗೂ ಬಂದಿದೆ. ಆದರೆ ಮದುವೆಯ ಚಪ್ಪರದಲ್ಲಿ ಕಂಬದ ಮರೆಗೆ ಸರಿದು ನಿಂತವಳನ್ನು ಕಾಯಿದೆ ಬಂದು ಕರೆತರಲಾರದು. ಅದು ಮನೆಯ ಹಿರಿಯರ ಕೆಲಸ. ಗೊಲ್ಲರ ಹಟ್ಟಿಯನ್ನು ಆಡಿಕೊಳ್ಳುವ ಮೊದಲು ನಾವು ನಮ್ಮ ಚಪ್ಪರವನ್ನು ನೋಡಿಕೊಳ್ಳಬೇಕು.

ಹಬ್ಬದ ಎಣ್ಣೆನೀರು, ಬಾಗಿಲ ತೋರಣ, ಸೀನಿದ ಮಗುವಿಗೆ ‘ನೂರು ವರ್ಷ ಬಾಳು’ ಎಂಬ ಹರಕೆ ಇವೆಲ್ಲ ಇರಲಿ. ಅವು ಬಾಳಿಗೆ ಚೆಲುವು. ಮುಂದಿನ ಮಂಗಳಕಾರ್ಯದಲ್ಲಿ ಮಾತ್ರ ಆರತಿಯ ತಟ್ಟೆಯನ್ನು ಮೊದಲು ಆ ತಾಯಿಯ ಕೈಗೆ ಕೊಡಿ. ಹೆತ್ತವಳ ಹರಕೆಗಿಂತ ದೊಡ್ಡ ಶುಭಶಕುನವನ್ನು ಯಾವ ಹಾಲಕ್ಕಿಯೂ ನುಡಿಯಲಾರದು.