ವಿಜ್ಞಾನದ ತಕ್ಕಡಿಯೂ ಕಣ್ಣೆದುರೇ ತೂಗಲಿ



ಚಿಂತಾಮಣಿಯ ಮಂಡಿಯಲ್ಲಾಗಲಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಾಗಲಿ, ತಕ್ಕಡಿಯನ್ನು ಮರೆಯಲ್ಲಿಟ್ಟು ತೂಗಿದರೆ ಒಪ್ಪುವವರುಂಟೆ? ವಿಜ್ಞಾನಕ್ಕೂ ಅದೇ ನ್ಯಾಯ.

ನಮ್ಮ ಸೀಮೆಯ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಎಷ್ಟೋ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಳೆಯ ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಏರಿದರೆ ಮೂಳೆಗೇ ಕೇಡು. ಇದನ್ನು ತಿಳಿಯಲು ಸಂಶೋಧಕರು ಬರಲಿ, ಸ್ವಾಗತ. ಆದರೆ ನಮ್ಮ ರಕ್ತ, ಮೂತ್ರ ಏತಕ್ಕೆ ಬೇಕೆಂದು ನಮ್ಮ ನುಡಿಯಲ್ಲೇ ಹೇಳಲಿ. ಬೇಡವೆಂದವರನ್ನು ಬಿಡಲಿ. ನಾಜಿ ವೈದ್ಯರ ವಿಚಾರಣೆ ಮುಗಿದ 1947ರಲ್ಲಿ ನ್ಯೂರೆಂಬರ್ಗಿನಲ್ಲಿ ಬರೆದ ಮೊದಲ ಸೂತ್ರವೇ ಸ್ವಇಚ್ಛೆಯ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಒಪ್ಪಿಗೆಯನ್ನೂ ನೀತಿ ಸಮಿತಿಯ ಅನುಮತಿಯನ್ನೂ ಕೇಳುತ್ತದೆ.

ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧಿಮಾಡಿ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸಿದಾಗ, ಮೂರನೆಯ ಹಂತವೂ ಬೇಕೆಂದು ಜನ ಕೇಳಿದರು. ಅದು ವಿಜ್ಞಾನದ ವಿರೋಧವಲ್ಲ, ಲೆಕ್ಕ ಕೇಳುವ ಹಕ್ಕು.

ಪರೀಕ್ಷೆಯ ಅಂಕಿಗಳು, ಹಿತವಾದರೂ ಕಹಿಯಾದರೂ, ಪಂಚಾಯ್ತಿಯ ಗೋಡೆಗೆ ಬರಲಿ. ಪರೀಕ್ಷೆಗೆ ಹಣ ಕೊಟ್ಟವರು ಯಾರೆಂಬುದೂ ಬರಲಿ. ಮಾದರಿ ಕೊಟ್ಟ ಮನೆಗೆ ಫಲಿತಾಂಶ ಮರಳಲಿ. ನೀರು ಕುಡಿಯುವವರು ನಾವು. ಅದರಲ್ಲಿ ಏನಿದೆಯೆಂದು ಮೊದಲು ತಿಳಿಯಬೇಕಾದವರೂ ನಾವೇ.