ಎಂಜಿನ್ ಎತ್ತುವ ಮುನ್ನ

(ಸಿರವಾರದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಮಗನ ಗ್ಯಾರೇಜಿಗೆಂದು ಸಂಘದಲ್ಲಿ ಸಾಲ ಕೇಳುವ ತಾಯಂದಿರು ನಮ್ಮಲ್ಲಿದ್ದಾರೆ. ಪಾನಾ ಸೆಟ್ಟಿಗೆ ಇಷ್ಟು, ಜಾಕಿಗೆ ಇಷ್ಟು, ಬಾಡಿಗೆಗೆ ಇಷ್ಟು ಅಂತ ಲೆಕ್ಕ ಕೊಡುತ್ತಾರೆ. ಎಂಜಿನ್ ಎತ್ತುವ ಸಾಮಾನಿನ ಲೆಕ್ಕ ಮಾತ್ರ ಇರುವುದಿಲ್ಲ. ಕೇಳಿದರೆ, "ಬೇವಿನ ಗಿಡ ಐತಲ್ರಿ ಸಿಸ್ಟರ್, ಹಗ್ಗ ಕಟ್ಟಿ ಎತ್ತತಾರ" ಅನ್ನುತ್ತಾರೆ. ಇವತ್ತು ನಾವು ಆ ಹಗ್ಗದ ಬಗ್ಗೆಯೇ ಮಾತಾಡೋಣ.

ಹಳೆಯ ಅಂಬಾಸಿಡರ್ ಕಾರು ನಿಮಗೆಲ್ಲ ಗೊತ್ತು. 1958ರಿಂದ 2014ರವರೆಗೆ ನಮ್ಮ ದೇಶದಲ್ಲಿ ತಯಾರಾದ ಗಾಡಿ ಅದು. 50 ವರ್ಷ ದಾಟಿದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಲು 2021ರಲ್ಲಿ ನಿಯಮ ಬಂತು. ಹೀಗಾಗಿ ಹಳೆ ಕಾರನ್ನು ಗುಜರಿಗೆ ಹಾಕದೆ ದುರಸ್ತಿ ಮಾಡಿಸುವವರೂ ಇದ್ದಾರೆ. ಅಂಬಾಸಿಡರ್ ಎಂಜಿನ್ ಗೇರ್‌ಬಾಕ್ಸ್ ಸಮೇತ ಎರಡು ಚೀಲ ಭತ್ತಕ್ಕಿಂತ ಭಾರ. ಚೀಲ ಜಾರಿದರೆ ಚೆಲ್ಲಿದ ಕಾಳು ಬಳಿದುಕೊಳ್ಳಬಹುದು. ಎಂಜಿನ್ ಜಾರಿದರೆ ಬೆರಳು ಹೋಗುತ್ತದೆ, ಕಾಲು ಹೋಗುತ್ತದೆ, ಜೀವವೂ ಹೋದೀತು. ಸಾಲದ ಕಂತು ಮಾತ್ರ ಉಳಿಯುತ್ತದೆ.

"ಇದು ಗಂಡಸರ ಕೆಲಸ, ನಮಗ್ಯಾಕ್ರಿ?" ಅನ್ನಬೇಡಿ. ಸಾಲ ಕೊಡುವವರು ನಾವು. ಕೇಳುವ ಹಕ್ಕು ನಮಗಿದೆ. ಸರಿಯಾದ ಕ್ರಮ ಹೀಗಿದೆ:

1. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಗಾಲಿಗಳಿಗೆ ಅಡ್ಡಗಟ್ಟೆ ಇಡಬೇಕು.

2. ಎಂಜಿನ್ ಪೂರ್ತಿ ಆರಿರಬೇಕು. ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಬೇಕು. ಆಮೇಲೆ ಪೆಟ್ರೋಲ್ ಪೈಪ್ ಬಿಚ್ಚಿ ಬಾಯಿ ಮುಚ್ಚಬೇಕು. ನೀರು, ಆಯಿಲ್ ಇಳಿಸಬೇಕು. ಹತ್ತಿರ ಬೀಡಿ, ಬೆಂಕಿ ಬೇಡ.

3. ಮರದ ಟೊಂಗೆ ಒಳಗೆ ಟೊಳ್ಳಾಗಿದ್ದರೆ ಹೊರಗೆ ಕಾಣುವುದಿಲ್ಲ. ಹಗ್ಗ ಎಣ್ಣೆ ತಾಗಿ ಜಾರುತ್ತದೆ, ಚೂಪು ಅಂಚಿಗೆ ಉಜ್ಜಿ ಹರಿಯುತ್ತದೆ. ಕಬ್ಬಿಣದ ಗಟ್ಟಿ ಸ್ಟ್ಯಾಂಡ್, ಒಂದು ಟನ್ ತೂಕ ತಡೆಯುವ ಚೈನ್ ಪುಲ್ಲಿ ಬೇಕು. ಕೊಂಡಿ ಬಾಯಿ ಬಿಟ್ಟಿದ್ದರೆ, ಸರಪಳಿ ಎಳೆದು ಸವೆದಿದ್ದರೆ ಅದನ್ನು ಬಳಸಬಾರದು.

4. ಸರಪಳಿಯನ್ನು ಎಂಜಿನ್ನಿನ ಹಿಂದೆ ಮುಂದೆ ಎರಡು ಕಡೆ ಗಟ್ಟಿ ಬೋಲ್ಟಿಗೇ ಬಿಗಿಯಬೇಕು. ಕಾರ್ಬೊರೇಟರಿಗೆ, ಪೈಪಿಗೆ ಕಟ್ಟಬಾರದು.

5. ಎರಡು ಬೆರಳಿನಷ್ಟು ಎತ್ತಿ ನಿಲ್ಲಿಸಬೇಕು. ಬಿಚ್ಚದೆ ಉಳಿದ ವೈರ್, ಪೈಪ್, ಬೋಲ್ಟ್ ಇದೆಯಾ ನೋಡಿ ಮುಂದೆ ಎತ್ತಬೇಕು. ಹೇಳುವವರು ಒಬ್ಬರೇ ಇರಬೇಕು.

6. ತೂಗುವ ಎಂಜಿನ್ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಜಾರಿದರೆ ಹಿಡಿಯಲು ಹೋಗಬಾರದು, ಹಿಂದೆ ಸರಿಯಬೇಕು. ಅಡ್ಡಗಟ್ಟೆ ತೆಗೆದು ಕಾರನ್ನೇ ಹಿಂದಕ್ಕೆ ತಳ್ಳಿ, ಎಂಜಿನ್ನನ್ನು ಕೂಡಲೇ ಗಟ್ಟಿ ಮರದ ದಿಮ್ಮಿಗಳ ಮೇಲೆ ಇಳಿಸಬೇಕು. ಊಟಕ್ಕೆ ಹೋಗುವಾಗ ತೂಗುಬಿಟ್ಟು ಹೋಗಬಾರದು.

ಇನ್ನೊಂದು ಮಾತು. "ಚೈನ್ ಎಳೀಲಿಕ್ಕೆ ಒಬ್ಬ ಸಣ್ಣ ಹುಡುಗ ಸಾಕು" ಅನ್ನುವವರಿದ್ದಾರೆ. 14 ವರ್ಷ ತುಂಬದ ಮಗುವನ್ನು ಗ್ಯಾರೇಜಿನಲ್ಲಿ ಕೂಲಿಗೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ಆ ಹುಡುಗ ಇರಬೇಕಾದ್ದು ಶಾಲೆಯಲ್ಲಿ.

ಆದ್ದರಿಂದ ತಾಯಂದಿರೇ, ಮುಂದಿನ ಸಭೆಯಲ್ಲಿ ಗ್ಯಾರೇಜಿನ ಸಾಲದ ಅರ್ಜಿ ಬಂದರೆ ಮೂರು ಪ್ರಶ್ನೆ ಕೇಳಿ. ಚೈನ್ ಪುಲ್ಲಿ, ಸ್ಟ್ಯಾಂಡ್ ಲೆಕ್ಕದಲ್ಲಿ ಇವೆಯೇ? ಕೆಲಸ ಕಲಿಸುವ ಅನುಭವಿ ಮೇಸ್ತ್ರಿ ಇದ್ದಾರೆಯೇ? ಸಣ್ಣ ಮಕ್ಕಳು ಕೆಲಸಕ್ಕೆ ಇದ್ದಾರೆಯೇ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. ಹಣ ಸಾಲದಿದ್ದರೆ ಸಂಘದ ಹೆಸರಿನಲ್ಲೇ ಒಂದು ಚೈನ್ ಪುಲ್ಲಿ ಕೊಂಡು, ಬೇಕಾದವರಿಗೆ ಬಾಡಿಗೆಗೆ ಕೊಡಬಹುದು. ಬಾಡಿಗೆ ಸಂಘಕ್ಕೆ ಬರುತ್ತದೆ, ಮಕ್ಕಳ ಕೈ ಉಳಿಯುತ್ತದೆ.

ದುಡಿಯುವ ಎಲ್ಲ ಕೈಗಳನ್ನೂ ದೇವರು ಕಾಪಾಡಲಿ.